ಭಾರ ಹೊರದ ಕಂಬಗಳು

೧೯೯೪ನೆಯ ಇಸವಿ ಫೆಬ್ರವರಿ ೧೭, ಗುರುವಾರ. ಈ ದಿನಾಂಕವನ್ನು ನಾನು ನೆನಪಿನಿಂದ ಬರೆಯುತ್ತಿಲ್ಲ. ಅಂದಿನ ನನ್ನ ಕ್ಷೇತ್ರ ದಿನಚರಿಯನ್ನು ಎದುರಿಗಿಟ್ಟುಕೊಂಡು, ವಾರವನ್ನು ಆ ವರ್ಷದ ಪಂಚಾಂಗದೊಂದಿಗೆ ಹೋಲಿಸಿ ಬರೆಯುತ್ತಿದ್ದೇನೆ. ಇಷ್ಟು ಎಚ್ಚರಿಕೆಗೆ ಕಾರಣವಿದೆ. ಈ ಘಟನೆ ಅಮಾವಾಸ್ಯೆಯ ನಡುರಾತ್ರಿ ನಡೆಯಿತೆಂದು ನಾಗಮಂಗಲದಲ್ಲಿ ಒಬ್ಬರು, ಶುಕ್ರವಾರದ ಮುಸ್ಸಂಜೆ ನಡೆಯಿತೆಂದು ಪಾಂಡವಪುರದಲ್ಲಿ ಇನ್ನೊಬ್ಬರು ನನಗೇ ವಿವರಿಸಿ ಹೇಳಿದ್ದಾರೆ. ಎದುರಿಗೆ ಕೂತು ಕೇಳುತ್ತಿರುವವನು ಅಂದು ಅಲ್ಲಿದ್ದವನೆಂಬುದು ಅವರಿಬ್ಬರಿಗೂ ಗೊತ್ತಿರಲಿಲ್ಲ. ಅಮಾವಾಸ್ಯೆ ಕಳೆದು ಆಗಲೇ ಒಂದು ವಾರವಾಗಿತ್ತು. ಅದು ನಡೆದದ್ದು ಮಧ್ಯಾಹ್ನ, ಊಟವಾದ ಮೇಲೆ.

ವಿಚಿತ್ರ ಅನುಭವಗಳನ್ನು ಹೇಳಿಕೊಳ್ಳುವವರ ಬಗ್ಗೆ ನನಗೆ ಮೊದಲಿನಿಂದಲೂ ತಿರಸ್ಕಾರವಿತ್ತು. ಇದನ್ನು ಓದುವವರಿಗೆ ಮುಚ್ಚಿಡದೆ ಹೇಳುವುದಾದರೆ, ಈಗಲೂ ಇದೆ. ಅಂಥವರ ಕಥೆಗೆ ತಾರೀಖು ಇರುವುದಿಲ್ಲ. ಸಾಕ್ಷಿಯನ್ನು ಕೇಳಿದರೆ ಆತ ತೀರಿಕೊಂಡಿರುತ್ತಾನೆ, ಇಲ್ಲವೇ ಬೇರೆ ಊರಿಗೆ ವರ್ಗವಾಗಿ ಹೋಗಿರುತ್ತಾನೆ. ಕಥೆಯ ಕೊನೆಯಲ್ಲಿ ಹೇಳುವವನೇ ಗೆದ್ದಿರುತ್ತಾನೆ: ಅವನಿಗೆ ಮುನ್ಸೂಚನೆ ಸಿಕ್ಕಿರುತ್ತದೆ, ಅವನು ಎಚ್ಚರಿಸಿರುತ್ತಾನೆ, ಕೇಳದವರು ಕೆಟ್ಟಿರುತ್ತಾರೆ. ಶ್ರೀರಂಗಪಟ್ಟಣದ ನನ್ನ ಬಾಡಿಗೆ ಮನೆಯ ಜಗಲಿಯ ಮೇಲೆ ಕೂತು, ಕರಿಘಟ್ಟದ ಕಡೆ ಕೈ ತೋರಿಸುತ್ತ, ಇಂಥ ಕಥೆ ಹೇಳಿದ ಪದವೀಧರರನ್ನು ನಾನು ಕಾಫಿ ಕೊಡದೆ ಕಳುಹಿಸಿದ್ದುಂಟು. ಈಗ ನಾನು ಬರೆಯುತ್ತಿರುವುದು ಅವರ ಸಾಲಿಗೆ ಸೇರುವುದಕ್ಕಲ್ಲ. ನಡೆದದ್ದನ್ನು ಅದಕ್ಕೆ ಅಂಟಿಕೊಂಡ ಕಸದಿಂದ ಬಿಡಿಸಿ ಇಡುವುದಷ್ಟೇ ನನ್ನ ಉದ್ದೇಶ.

ದೇವಲಾಪುರದಿಂದ ಆಚೆಗೆ ಒಂದು ಕಲ್ಲುಗುಡ್ಡವಿದೆ. ಅದರ ಹೆಸರನ್ನು ಬರೆಯುವುದಿಲ್ಲ. ಬರೆದರೆ ತಿಂಗಳೊಳಗೆ ಅಲ್ಲಿ ಅರಿಶಿನ ಕುಂಕುಮ ಬಿದ್ದು, ಅದರ ಪಕ್ಕದಲ್ಲೊಂದು ಹುಂಡಿ ಎದ್ದು ನಿಲ್ಲುತ್ತದೆ. ಯಾರೋ ಹಿಂದಿನ ಕಾಲದಲ್ಲಿ ಚಿನ್ನ ಹುಡುಕಿ ಆ ಗುಡ್ಡದ ಹೊಟ್ಟೆಗೆ ಸುರಂಗ ಕೊರೆದು, ಸಿಗದೆ ಬಿಟ್ಟುಹೋಗಿದ್ದರು. ತೊಂಬತ್ತರ ದಶಕದ ಆರಂಭದಲ್ಲಿ ಮತ್ತೆ ಯಾರಿಗೋ ಆಸೆ ಹುಟ್ಟಿ ಅದನ್ನು ತೆರೆದು ಮುಂದಕ್ಕೆ ಕೊರೆಯತೊಡಗಿದರು. ಚಿನ್ನಕ್ಕೂ ನನಗೂ ಸಂಬಂಧವಿರಲಿಲ್ಲ. ಸುರಂಗದ ಚಾವಣಿ ಕುಸಿಯದಂತೆ ಒಳಗೆ ಉದ್ದಕ್ಕೂ ಮರದ ಕಂಬಗಳನ್ನು ಆಸರೆಯಾಗಿ ನಿಲ್ಲಿಸಿದ್ದರು. ಆ ಆಸರೆಗಳು ತಮ್ಮ ಕೆಲಸವನ್ನು ಎಷ್ಟರಮಟ್ಟಿಗೆ ಮಾಡುತ್ತಿವೆ ಎಂದು ಅಳೆದು ವರದಿ ಮಾಡುವುದು ನಾನಿದ್ದ ಸಂಶೋಧನಾ ಸಂಸ್ಥೆಯ ಹೊಣೆ. ವಾರಕ್ಕೊಮ್ಮೆ ಪಾಂಡವಪುರದ ಮೇಲೆ ಬಸ್ಸು ಹಿಡಿದು ಹೋಗಿ ಆ ಅಳತೆ ತೆಗೆಯುವವನು ನಾನು.

ಅಳೆಯುವ ಕ್ರಮ ಸರಳ. ಪ್ರತಿ ಕಂಬದ ಬುಡದಲ್ಲಿ ಎಣ್ಣೆ ತುಂಬಿದ ಚಪ್ಪಟೆ ಉಕ್ಕಿನ ಡಬ್ಬಿ. ಅದಕ್ಕೊಂದು ಮುಳ್ಳಿನ ಮಾಪಕ. ಗುಡ್ಡ ಮೇಲಿನಿಂದ ಒತ್ತಿದಷ್ಟೂ ಮುಳ್ಳು ಏರುತ್ತದೆ. ಕಂಬದ ತಲೆಗೂ ಚಾವಣಿಯ ಬಂಡೆಗೂ ನಡುವೆ ಮರದ ಬೆಣೆಗಳನ್ನು ಬಡಿದು ಬಿಗಿ ಮಾಡಿರುತ್ತಾರೆ. ಬಂಡೆಯ ಬಿರುಕುಗಳ ಮೇಲೆ ತೆಳು ಗಾಜಿನ ಪಟ್ಟಿಗಳನ್ನು ಅಂಟಿಸಿರುತ್ತೇವೆ; ಬಂಡೆ ಕೂದಲೆಳೆಯಷ್ಟು ಸರಿದರೂ ಗಾಜು ಸೀಳುತ್ತದೆ. ಸುರಂಗದ ನಡುವಿನ ಒಂದು ಕಂಬಕ್ಕೆ ಮಾತ್ರ ದಾಖಲೆ ಯಂತ್ರವಿತ್ತು. ಗಡಿಯಾರದಂತೆ ಕೀಲಿ ಕೊಟ್ಟರೆ ತಾನೇ ತಿರುಗುವ ಒಂದು ಉರುಳೆ, ಅದಕ್ಕೆ ಸುತ್ತಿದ ಗೆರೆಕಾಗದ, ಮಸಿಯ ಲೇಖನಿ. ಕಂಬದ ಮೇಲಿನ ಭಾರವನ್ನು ಅದು ಹಗಲೂ ರಾತ್ರಿ ಗೆರೆಯಾಗಿ ಎಳೆಯುತ್ತಿತ್ತು. ಭೇಟಿ ಕೊಟ್ಟವನು ಲೇಖನಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಗೆರೆಗೆ ಅಡ್ಡಲಾಗಿ ಒಂದು ಗೀಟು ಮೂಡಿಸಿ, ಪಕ್ಕದಲ್ಲಿ ಗಂಟೆ ಬರೆದು ಸಹಿ ಹಾಕಬೇಕು. ಇದು ನಮ್ಮ ವೃತ್ತಿಯ ಶಿಸ್ತು.

ನಮ್ಮ ಸಂಸ್ಥೆ ಒಂದು ನಿಯಮವನ್ನೂ ಮಾಡಿತ್ತು: ಭಾರ ಹೊರದ ಆಸರೆಯನ್ನು ಕಿತ್ತು ಮುಂದಿನ ಭಾಗಕ್ಕೆ ಬಳಸಬಹುದು. ಬಂಡೆ ತನ್ನ ಕಾಲ ಮೇಲೆ ತಾನೇ ನಿಂತಿರುವ ಕಡೆ ಕಂಬ ಸುಮ್ಮನೆ ನಿಂತಿರುತ್ತದೆ, ಅದನ್ನು ಕಿತ್ತರೆ ನಷ್ಟವಿಲ್ಲ ಎಂಬುದು ಅದರ ತರ್ಕ. ಹವಾನಿಯಂತ್ರಿತ ಕೋಣೆಯಲ್ಲಿ ಕೂತವರಿಗೆ ಈ ತರ್ಕದಲ್ಲಿ ಯಾವ ಲೋಪವೂ ಕಾಣಿಸಿರಲಿಲ್ಲ. ಗುತ್ತಿಗೆಯವರ ಕಡೆಯ ಮೇಸ್ತ್ರಿ, ಪಾಂಡವಪುರದ ನಿಂಗೇಗೌಡರಿಗೆ, ಇಡೀ ಭೂವಿಜ್ಞಾನದಲ್ಲಿ ಅರ್ಥವಾಗಿದ್ದದ್ದು ಈ ಒಂದು ವಾಕ್ಯ.

ಅಂದು ನಾನು ಹೋದಾಗ ಅವರು ಸುರಂಗದ ಬಾಯಲ್ಲಿ ಸರಪಳಿ ಹಾಕಿದ ಟ್ರಾಕ್ಟರಿನೊಂದಿಗೆ ಕಾಯುತ್ತಿದ್ದರು.

"ಏನ್ ಸಾ, ಇವತ್ತಾದ್ರೂ ನಾಕು ಕಂಬ ಬುಡಿಸ್ಕೊಡ್ತೀರೋ, ಇಲ್ಲಾ ಅವಕ್ಕೆ ಪಿಂಚಣಿ ಬರೋಗಂಟ ನಿಲ್ಲಿಸಿರ್ತೀರೋ?"

ಅಳೆದು ಹೇಳುತ್ತೇನೆ ಎಂದೆ. ನನ್ನ ಜೊತೆ ಒಳಗೆ ಬರಬೇಕಾದವನು ಕೆ.ಆರ್. ಪೇಟೆ ಕಡೆಯ ಬಡಗಿ ಚೆನ್ನಾಚಾರಿ. ಕಂಬ ನಿಲ್ಲಿಸುವವನು, ಬೆಣೆ ಬಡಿಯುವವನು ಅವನೇ. ಬಾಚಿ ಹಿಡಿದರೆ ಕೈ ಚೆನ್ನಾಗಿತ್ತು. ಬಾಯಿಗೆ ಮಾತ್ರ ಬೀಗವಿರಲಿಲ್ಲ. ಸುತ್ತಿಗೆಯಲ್ಲಿ ತಟ್ಟಿ ಸದ್ದು ಕೇಳಿದರೆ ಯಾವ ಕಂಬದ ಮೇಲೆ ಎಷ್ಟು ಭಾರವಿದೆಯೆಂದು ಹೇಳಬಲ್ಲೆ ಎನ್ನುತ್ತಿದ್ದ. ನಾನು ಮಾಪಕ ಇಟ್ಟುಕೊಂಡು ಪರೀಕ್ಷಿಸಿದ್ದೆ. ಸರಿ ಬಂದದ್ದಕ್ಕಿಂತ ತಪ್ಪಿದ್ದೇ ಹೆಚ್ಚು. ತಪ್ಪಿದಾಗ, "ಕಂಬಕ್ಕೆ ಸೀತ ಆಗದೆ ಸಾ, ಗಂಟ್ಲು ಕಟ್ಟದೆ" ಎನ್ನುತ್ತಿದ್ದ. ಒಳಗೆ ಕಾಲಿಡುವ ಮೊದಲು ಮೊದಲನೆಯ ಕಂಬವನ್ನು ಅಂಗೈಯಿಂದ ಬಡಿದು ಗುಡ್ಡಕ್ಕೆ ಹೇಳಿ ಹೋಗುವುದು ಅವನ ಪದ್ಧತಿ. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

"ಗುಡ್ಡಪ್ಪಾ, ನಾನ್ ಬತ್ತಾ ಇವ್ನಿ. ಮೈ ಬಿಗಿ ಇಡ್ಕೊ."

"ನಿನ್ ಹೆಂಡ್ರಿಗೂ ಇಂಗೇ ಯೋಳ್ಬುಟ್ಟು ಮನೆವೊಳಿಕ್ಕೆ ಹೋಯ್ತೀಯೇನ್ಲಾ?" ಎಂದರು ನಿಂಗೇಗೌಡರು.

"ಅವ್ಳು ಯೋಳುದ್ರೂ ಮೇಲ್ ಬೀಳ್ತಾಳೆ ಗೌಡ್ರೇ. ಗುಡ್ಡವಾದ್ರೆ ಮಾತ್ ಕೇಳ್ತದೆ."

ಸುರಂಗದ ಕೊನೆಯಲ್ಲಿ ಆಗ ನಾಲ್ಕು ಜನ ಕೆಲಸದಲ್ಲಿದ್ದರು. ಸಿಡಿಸಿದ ಕಲ್ಲನ್ನು ಗಾಡಿಗೆ ತುಂಬುವವರು ಮೂವರು, ಹೊಸ ಕಂಬಕ್ಕೆ ಗುಂಡಿ ತೋಡುತ್ತಿದ್ದ ಚೆನ್ನಾಚಾರಿಯ ತಮ್ಮ ಸೋಮಾಚಾರಿ ಒಬ್ಬ.

ಹೋಗುವಾಗ ನಾನು ಪ್ರತಿ ಮಾಪಕವನ್ನೂ ಓದಿ ಬರೆದುಕೊಂಡೆ. ಕೊನೆಯ ಕಂಬವನ್ನು ತಲುಪುವವರೆಗೆ ಎಲ್ಲವೂ ಹಿಂದಿನ ವಾರದಂತೆಯೇ ಭಾರ ತೋರಿಸುತ್ತಿದ್ದವು. ಕೀಳಬಹುದಾದ ಕಂಬ ಒಂದೂ ಇರಲಿಲ್ಲ. ದಾಖಲೆ ಯಂತ್ರದ ಆಚೆ ಒಂದು ಕಡೆ ಚಾವಣಿಯಿಂದ ಸದಾ ನೀರು ತೊಟ್ಟಿಕ್ಕುತ್ತಿತ್ತು. ಅಂದೂ ನನ್ನ ಟೋಪಿಯ ಮೇಲೆ ತೊಟ್ಟಿಕ್ಕಿತು. ಎಲ್ಲವೂ ಬೇಸರ ಬರುವಷ್ಟು ಸಹಜವಾಗಿತ್ತು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಕಥೆ ಕಟ್ಟುವವರು ಇಲ್ಲಿ ತಣ್ಣನೆಯ ಗಾಳಿಯನ್ನೂ ಮಲ್ಲಿಗೆಯ ವಾಸನೆಯನ್ನೂ ಸೇರಿಸುತ್ತಾರೆ. ಗಾಳಿ ಬೆಚ್ಚಗಿತ್ತು. ವಾಸನೆ ಸಿಡಿಮದ್ದಿನದು.

ಕೊನೆಯ ಕಂಬದ ಮಾಪಕದ ಮೇಲೆ ದೀಪ ಹಿಡಿದಾಗ ಮುಳ್ಳು ಸೊನ್ನೆಯಲ್ಲಿತ್ತು.

ಮಾಪಕ ಕೆಟ್ಟಿದೆಯೆಂದು ಭಾವಿಸಿ ಬೆರಳಿನಿಂದ ತಟ್ಟಿದೆ. ಅಲುಗಲಿಲ್ಲ. ಎಣ್ಣೆ ಸೋರಿದೆಯೇ ಎಂದು ಡಬ್ಬಿಯ ಸುತ್ತ ಸವರಿ ನೋಡಿದೆ. ಒಣಗಿತ್ತು. ಅಷ್ಟರಲ್ಲಿ ಚೆನ್ನಾಚಾರಿ ಕಂಬವನ್ನು ಎರಡೂ ಕೈಯಿಂದ ತಬ್ಬಿ ಅಲುಗಿಸಲು ನೋಡಿದ. ಕಂಬ ತಿರುಗಿತು. ಒರಳಲ್ಲಿ ನಿಲ್ಲಿಸಿದ ಒನಕೆಯಂತೆ, ಸದ್ದಿಲ್ಲದೆ, ಅವನ ಕೈಯಲ್ಲಿ ಸುತ್ತಿತು. ಒಂದು ಗುಡ್ಡವನ್ನು ಹೊತ್ತ ಕಂಬ ಹಾಗೆ ತಿರುಗುವುದಿಲ್ಲ. ಹತ್ತು ಜನ ಹಿಡಿದರೂ ತಿರುಗುವುದಿಲ್ಲ.

ಅದರ ಹಿಂದಿನ ಕಂಬದ ಬಳಿಗೆ ಹೋದೆ. ಅದನ್ನು ನಾನು ಆಗಷ್ಟೇ ಓದಿ ಬರೆದಿದ್ದೆ. ಪುಸ್ತಕದಲ್ಲಿ ಮಸಿ ಇನ್ನೂ ಆರಿರಲಿಲ್ಲ. ಮುಳ್ಳು ಸೊನ್ನೆಯಲ್ಲಿತ್ತು. ಕೈಯಿಟ್ಟೆ. ಅದೂ ತಿರುಗಿತು.

ಚಾವಣಿ ಬಿದ್ದಿರಲಿಲ್ಲ. ಅದು ಯಾವುದರ ಮೇಲೂ ಕೂತಿರಲಿಲ್ಲ, ಆದರೂ ಬಿದ್ದಿರಲಿಲ್ಲ. ನನ್ನ ಮೊದಲ ಯೋಚನೆ ಅಲ್ಲಿದ್ದ ನಾಲ್ವರದು. ಕೂಗಲು ಬಾಯಿ ತೆರೆದೆ. ಚೆನ್ನಾಚಾರಿ ನನ್ನ ತೋಳು ಹಿಡಿದ. "ಕೂಗ್ಬೇಡಿ ಸಾ" ಎಂದ. ಅವನ ಮಾತು ಅಷ್ಟು ಚಿಕ್ಕದಾಗಿದ್ದದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಆಮೇಲೆ ಅವನೇ ಮುಂದೆ ಹೋಗಿ, ಏನೂ ಆಗದವನಂತೆ ತಮ್ಮನಿಗೆ ಹೇಳಿದ:

"ಸೋಮ, ಹಾರೆ ಅಲ್ಲೇ ಮಡುಗು. ಟೀ ಬಂದದೆ. ಎಲ್ರೂ ಬನ್ರಲಾ."

"ಇನ್ನೂ ಗಾಡಿ ತುಂಬಿಲ್ವಲ್ಲಣ್ಣ?"

"ತುಂಬುತ್ತೆ ಬುಡು. ಆರೋಗ್ತದೆ, ಬಾ."

"ಗೌಡ್ರು ಟೀ ತರ್ಸವ್ರೆ ಅಂದ್ರೆ ಇವತ್ತು ಮಳೆ ಗ್ಯಾರಂಟಿ ಕಣ್ಲಾ" ಎಂದು ಒಬ್ಬ ನಕ್ಕ. ಅವರು ನಗುತ್ತಲೇ ಹೊರಟರು. ಆ ಬಡಗಿಯ ಸುಳ್ಳುಗಳಲ್ಲಿ ಉಪಯೋಗಕ್ಕೆ ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕಂಬಗಳನ್ನು ಮುಟ್ಟದೆ ನಡೆಯಿರಿ ಎಂದಷ್ಟೇ ನಾನು ಅವರಿಗೆ ಹೇಳಿದೆ. ನಾವಿಬ್ಬರೂ ಹಿಂದೆ ನಡೆದೆವು. ಪ್ರತಿ ಮಾಪಕದ ಮೇಲೂ ದೀಪ ಹಿಡಿದೆ. ಎಲ್ಲವೂ ಸೊನ್ನೆ. ಒಂದು ಕಂಬದ ತಲೆಯಿಂದ ಬೆಣೆಯೊಂದು ತಾನಾಗಿ ಜಾರಿ ನನ್ನ ಹೆಗಲ ಮೇಲೆ ಬಿತ್ತು. ಅದನ್ನು ಜೇಬಿಗೆ ಹಾಕಿಕೊಂಡೆ. ನೀರು ತೊಟ್ಟಿಕ್ಕುವ ಜಾಗದಲ್ಲಿ ನೀರು ನಿಂತುಹೋಗಿತ್ತು. ದಾಖಲೆ ಯಂತ್ರದ ಬಳಿ ಬಂದಾಗ ನನ್ನ ಕೈ ಅಭ್ಯಾಸಬಲದಿಂದ ಲೇಖನಿಯತ್ತ ಹೋಯಿತು. ತಟ್ಟಿದೆ, ಗಂಟೆ ಬರೆದೆ, ಸಹಿ ಮಾಡಿದೆ. ಅದೇ ಹೊತ್ತಿನಲ್ಲಿ ಚೆನ್ನಾಚಾರಿ ಆ ಕಂಬವನ್ನೂ ಹಿಡಿದು ತಿರುಗಿಸಿದ; ಅದು ತಿರುಗುವುದನ್ನು ನಾನು ಕಣ್ಣಾರೆ ಕಂಡೆ. ಕಂಬದ ಬುಡದ ಮುಳ್ಳು ಸೊನ್ನೆಯಲ್ಲಿತ್ತು. ಕಾಗದದ ಗೆರೆ ಎಲ್ಲಿದೆಯೆಂದು ನೋಡುವ ವ್ಯವಧಾನ ನನಗಿರಲಿಲ್ಲ.

"ಬರ್ಕೊಳ್ಳೋ ಹೊತ್ತಾ ಸಾ ಇದು?" ಎಂದ. ಅಲ್ಲವೆಂದು ನನಗೂ ಗೊತ್ತಿತ್ತು.

ಹೊರಗೆ ಬಿಸಿಲು ಹಾಗೆಯೇ ಇತ್ತು. "ಟೀ ಎಲ್ಲಣ್ಣ?" ಎಂದ ಸೋಮಾಚಾರಿ. "ಯಾವನ್ಲಾ ಟೀ ಅಂದೋನು?" ಎಂದು ನಿಂಗೇಗೌಡರು ಎದ್ದು ಬಂದರು. ನಾನು ಕಂಡದ್ದನ್ನು ಅವರಿಗೆ ಹೇಳಿದೆ: ಒಂದು ಆಸರೆಯ ಮೇಲೂ ಭಾರವಿಲ್ಲ. ಅವರು ಒಂದು ಗಳಿಗೆ ಯೋಚಿಸಿದರು. ಅವರ ಮುಖ ಅರಳಿತು.

"ಒಂದ್ರ ಮೇಲೂ ಇಲ್ವಾ? ಅಂಗಾದ್ರೆ ಎಲ್ಲಾನೂ ಕೀಳ್ಬೋದು ಅಂತ ಬರ್ಕೊಡಿ ಸಾ. ನಿಮ್ಮೋರ್ ಮಾಡಿರೋ ರೂಲ್ಸೇ ಅಲ್ವಾ?"

ಅವರು ತಪ್ಪು ಹೇಳಿರಲಿಲ್ಲ. ನಮ್ಮ ನಿಯಮದ ಪ್ರಕಾರ ಅಂದು ಇಡೀ ಸುರಂಗವನ್ನು ಬೋಳು ಮಾಡಬಹುದಾಗಿತ್ತು. ವಿದ್ವಾಂಸರು ಸೇರಿ ಬರೆದ ವಾಕ್ಯವೊಂದು ಎಷ್ಟು ಮೂರ್ಖವಾಗಿರಬಲ್ಲದು ಎಂಬುದು ಅದು ಮನುಷ್ಯರ ತಲೆಯ ಮೇಲೆ ಬಂದು ನಿಂತಾಗ ಮಾತ್ರ ತಿಳಿಯುತ್ತದೆ. ನಾನು ಸೊನ್ನೆ ಎಂದು ಬರೆದುಕೊಟ್ಟರೆ ಹೊತ್ತು ಇಳಿಯುವ ಮೊದಲು ಟ್ರಾಕ್ಟರಿನ ಸರಪಳಿ ಒಳಗೆ ಹೋಗುತ್ತಿತ್ತು. ಅದನ್ನು ಕಂಬಕ್ಕೆ ಸುತ್ತಬೇಕಾದವರು ಆಗ ಟೀ ಇಲ್ಲವೆಂದು ಗೊಣಗುತ್ತ ನೆರಳಲ್ಲಿ ಕೂತಿದ್ದ ಆ ನಾಲ್ವರೇ. ಹೋಗುವಾಗ ಓದಿದ ಭಾರವನ್ನೇ ಬರೆದುಕೊಟ್ಟರೆ ಕಂಬಗಳೇನೋ ಉಳಿಯುತ್ತಿದ್ದವು. ಆದರೆ ಸುರಂಗ ಕ್ಷೇಮವಾಗಿದೆಯೆಂದು ಅದೇ ನಾಲ್ವರನ್ನು ಆ ಕ್ಷಣವೇ ಒಳಗೆ ಕಳುಹಿಸುತ್ತಿದ್ದರು. ನಿಜವಾದ ಅಂಕಿಯಿಂದ ಒಂದು ಅಪಾಯ, ಸುಳ್ಳು ಅಂಕಿಯಿಂದ ಇನ್ನೊಂದು.

ಅಂಕಿಯ ಜಾಗವನ್ನು ಖಾಲಿ ಬಿಟ್ಟು, "ಯಾವ ಆಸರೆಯನ್ನೂ ಮುಟ್ಟಕೂಡದು, ನಾಳೆ ಮತ್ತೆ ಅಳೆಯುವವರೆಗೆ ಯಾರೂ ಒಳಗೆ ಹೋಗಕೂಡದು" ಎಂದು ಬರೆದು ಸಹಿ ಹಾಕಿದೆ.

"ನಂಬರ್ರೇ ಇಲ್ದೆ ಬರೀ ಸಯ್ನಾ?" ಎಂದರು ನಿಂಗೇಗೌಡರು. "ಇಂತಾ ಸಯ್ನ ನಮ್ಮೂರ್ ಚೇರ್ಮನ್ನೂ ಹಾಕ್ತಾನೆ ಬುಡಿ. ಅದುಕ್ಕೆ ಅಷ್ಟೊಂದ್ ಓದ್ಬೇಕಾ?"

ಮರುದಿನ ನಮ್ಮ ಸಂಸ್ಥೆಯ ಮುಖ್ಯಸ್ಥರೇ ಜೀಪಿನಲ್ಲಿ ಬಂದರು. ಸುರಂಗಗಳ ಬಗ್ಗೆ ಅಧಿಕಾರವಾಣಿಯಿಂದ ಮಾತನಾಡುತ್ತಿದ್ದ ಅವರು ಸುರಂಗದ ಬಾಯಿಂದ ಆಚೆಗೆ ಕಾಲಿಟ್ಟದ್ದನ್ನು ನಾನು ಕಂಡಿಲ್ಲ. ಅಂದೂ ಅವರ ಬೂಟು ಬೆಳಕಿನ ಗೆರೆಯ ಈಚೆಗೇ ನಿಂತಿತು. ಚೆನ್ನಾಚಾರಿ ಕೆಲಸಕ್ಕೆ ಬಂದಿರಲಿಲ್ಲ. ಸೋಮಾಚಾರಿಯನ್ನು ಕರೆದುಕೊಂಡು ನಾನೇ ಒಳಗೆ ಹೋದೆ. ಎಲ್ಲ ಮುಳ್ಳುಗಳೂ ಹಿಂದಿನ ವಾರದ ಜಾಗದಲ್ಲಿದ್ದವು. ಸೋಮಾಚಾರಿ ಬೆವರುವಷ್ಟು ತಳ್ಳಿದರೂ ಕಂಬಗಳು ಮಿಸುಕಲಿಲ್ಲ. ನೀರು ತೊಟ್ಟಿಕ್ಕುತ್ತಿತ್ತು. ಗಾಜಿನ ಪಟ್ಟಿಗಳಲ್ಲಿ ಒಂದೂ ಸೀಳಿರಲಿಲ್ಲ. ಬೆಣೆ ಬಿದ್ದ ಕಂಬವನ್ನು ಹುಡುಕಿ ನನ್ನ ಜೇಬಿನ ಬೆಣೆಯನ್ನು ಅದರ ಜಾಗಕ್ಕೆ ಹಿಡಿದೆ. ಬಂಡೆಗೂ ಕಂಬಕ್ಕೂ ನಡುವೆ ಅದರ ತುದಿ ತೂರುವಷ್ಟೂ ಸಂದು ಇರಲಿಲ್ಲ.

ದಾಖಲೆ ಯಂತ್ರದ ಕಾಗದವನ್ನು ಸೋಮಾಚಾರಿ ಬಿಚ್ಚಿ ಹೊರಗೆ ತಂದ. ಮುಖ್ಯಸ್ಥರು ಅದನ್ನು ಜೀಪಿನ ಮೂತಿಯ ಮೇಲೆ ಹರಡಿ ದೂರದಿಂದಲೇ ನೋಡಿದರು. ಗೆರೆ ಒಂದೇ ಮಟ್ಟದಲ್ಲಿ ಸಾಗಿತ್ತು. "ಊಟ ಆದಮೇಲೆ ಸುರಂಗಕ್ಕೆ ಇಳಿಯಬಾರದು ಕಣ್ರೀ, ತೂಕಡಿಕೆ ಬರುತ್ತೆ" ಎಂದು ನಕ್ಕು, ಕಾಗದವನ್ನು ನನ್ನ ಕೈಗೆ ಕೊಡದೆ ಮಡಿಸಿ ಕಡತಕ್ಕೆ ಸೇರಿಸಿದರು. "ವೀಕ್ಷಕರ ಭ್ರಮೆ" ಎಂದು ಷರಾ ಬರೆದರು. ಅಷ್ಟೊಂದು ಖಚಿತವಾಗಿದ್ದವರು ಕಂಬ ಕೀಳುವ ಯಾವ ಕಾಗದಕ್ಕೂ ತಾವಾಗಿ ಸಹಿ ಹಾಕಲಿಲ್ಲ. ಮೇಲಿನ ಕಚೇರಿಗೆ ಕಳುಹಿಸಿದರು. ಮೇಲಿನವರು ಅದಕ್ಕೂ ಮೇಲಿನವರಿಗೆ ಕಳುಹಿಸಿದರು. ಉತ್ತರ ಬರುವಷ್ಟರಲ್ಲಿ ಚಿನ್ನ ಗಿಟ್ಟುವಷ್ಟಿಲ್ಲವೆಂದು ಕೆಲಸವೇ ನಿಂತು, ಸುರಂಗದ ಬಾಯಿಗೆ ಕಲ್ಲು ಕಟ್ಟಿದರು. ಕಂಬಗಳು ಒಳಗೇ ಉಳಿದವು. ನಾಲ್ವರೂ ಬೇರೆ ಕೆಲಸಗಳಿಗೆ ಹೋದರು.

ವಿವರಣೆ ಕೊಡಲು ಬಂದವರಿಗೆ ಕೊರತೆಯಿರಲಿಲ್ಲ. ಹಸಿ ನೀಲಗಿರಿಯ ಬೆಣೆಗಳು ಒಣಗಿ ಕುಗ್ಗಿರಬೇಕು ಎಂದರು ಒಬ್ಬ ಸಹೋದ್ಯೋಗಿ. ಕುಗ್ಗಿದ ಬೆಣೆ ರಾತ್ರೋರಾತ್ರಿ ಯಾರೂ ಬಡಿಯದೆ ಹಿಗ್ಗುವ ಬಗೆಯನ್ನು ಅವರು ಇನ್ನೂ ತಿಳಿಸಿಲ್ಲ. ಸುತ್ತಲಿನ ಕಲ್ಲುಕ್ವಾರಿಗಳ ಸಿಡಿತ ಎಂದರು ಇನ್ನೊಬ್ಬರು. ಸಿಡಿತಕ್ಕೆ ಮೊದಲು ಸೀಳಬೇಕಾದದ್ದು ಗಾಜು. ಭ್ರಮೆ ಎಂಬುದಾದರೆ, ಅದು ನನ್ನ ಕಣ್ಣಿಗೂ ಬಡಗಿಯ ಕೈಗೂ ಒಟ್ಟಿಗೇ ಬಂದು, ಒಂದು ಬೆಣೆಯನ್ನೂ ನನ್ನ ಜೇಬಿಗೆ ಹಾಕಿ ಹೋಯಿತೆಂದು ಒಪ್ಪಬೇಕು. ಇವೆಲ್ಲಕ್ಕಿಂತ ನನಗೆ ಹೆಚ್ಚು ಹೇಸಿಗೆ ಹುಟ್ಟಿಸುವುದು ಭಕ್ತರ ವಿವರಣೆ: ನಾವು ಹೊರಬಂದ ಕೂಡಲೇ ಗುಡ್ಡ ಕುಸಿಯಿತಂತೆ, ಆ ಸಹಿಯಿಂದ ನಾನು ನಾಲ್ಕು ಜೀವ ಉಳಿಸಿದೆನಂತೆ. ಗುಡ್ಡ ಕುಸಿಯಲಿಲ್ಲ. ಆ ಜೀವಗಳು ಹೋಗುವುದರಲ್ಲಿದ್ದವೆಂದು ತೋರಿಸುವ ಯಾವ ಪುರಾವೆಯೂ ನನ್ನ ಬಳಿ ಇಲ್ಲ.

ಆ ಕಥೆಯ ಮೂಲ ಯಾರೆಂದು ನನಗೆ ಗೊತ್ತಿತ್ತು. ಕೆಲವು ವರ್ಷಗಳ ನಂತರ ಬಾಬುರಾಯನಕೊಪ್ಪಲಿನ ಬಸ್ ನಿಲ್ದಾಣದಲ್ಲಿ ಚೆನ್ನಾಚಾರಿ ಸಿಕ್ಕಿದ. ಬೀಳದ ಗುಡ್ಡವನ್ನು ಊರೂರಿಗೂ ಏಕೆ ಬೀಳಿಸುತ್ತಿದ್ದೀಯೆಂದು ಗದರಿಸಿದೆ.

"ಬೀಳ್ನಿಲ್ಲ ಅಂದ್ರೆ ಯಾರೂ ನಂಬಾಕಿಲ್ಲ ಸಾ" ಎಂದ.

ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟವನು ಇಳಿದು ಮತ್ತೆ ನನ್ನ ಹತ್ತಿರಕ್ಕೆ ಬಂದು, ತಗ್ಗಿದ ದನಿಯಲ್ಲಿ ಕೇಳಿದ: "ತಿರುಗ್ತು ಅಲ್ವಾ ಸಾ? ನನ್ ಕೈಲಿ, ಆ ಕಂಬ?"

ತಿರುಗಿತು ಎಂದೆ. ಅವನು ತಲೆಯಾಡಿಸಿ ಬಸ್ಸು ಹತ್ತಿದ.

ಗೆರೆ ಒಂದೇ ಮಟ್ಟದಲ್ಲಿದ್ದುದಕ್ಕೆ ನಾನು ನನಗೆ ಕೊಟ್ಟುಕೊಂಡಿದ್ದ ಉತ್ತರ ಒಂದೇ: ಲೇಖನಿ ತುಕ್ಕು ಹಿಡಿದು ಇದ್ದಲ್ಲೇ ಸಿಕ್ಕಿಕೊಂಡಿತ್ತು. ಸಿಕ್ಕಿಕೊಂಡ ಲೇಖನಿ ಭಾರ ಇದ್ದರೂ ಹೋದರೂ ಅದೇ ಗೆರೆ ಎಳೆಯುತ್ತದೆ. ಆ ಉತ್ತರದ ಆಸರೆಯಲ್ಲಿ ನಾನು ನಿವೃತ್ತಿಯವರೆಗೂ ನೆಮ್ಮದಿಯಾಗಿದ್ದೆ. ಸಂಸ್ಥೆಯವರು ಹಳೆಯ ಕಡತಗಳನ್ನು ಗುಜರಿಗೆ ಹಾಕುವಾಗ ಆ ಕಾಗದವನ್ನು ಕೇಳಿ ತಂದುಕೊಂಡೆ. ಈಗ ಅದು ದಿನಚರಿಯ ಪಕ್ಕದಲ್ಲಿದೆ. ಮುಖ್ಯಸ್ಥರು ದೂರದಿಂದ ನೋಡಿ ಮಡಿಸಿದ್ದರಲ್ಲಿ ಅವರಿಗೆ ಕಾಣದೇ ಹೋದದ್ದು ಒಂದಿದೆ. ಗುರುವಾರ ಮಧ್ಯಾಹ್ನದ ಗೆರೆಗೆ ಅಡ್ಡಲಾಗಿ ನನ್ನ ಬೆರಳು ಮೂಡಿಸಿದ ಗೀಟು. ಲೇಖನಿ ನನ್ನ ಬೆರಳಿಗೆ ಸಲೀಸಾಗಿ ಮೇಲೆದ್ದಿದೆ, ಸಲೀಸಾಗಿ ಇಳಿದಿದೆ, ಇಳಿದು ಪೂರ್ಣ ಭಾರದ ಗೆರೆಯ ಮೇಲೆಯೇ ನಿಂತು ಮುಂದೆ ಸಾಗಿದೆ. ತುಕ್ಕು ಹಿಡಿದು ಸಿಕ್ಕಿಕೊಂಡ ಲೇಖನಿ ಹಾಗೆ ಏಳುವುದಿಲ್ಲ. ಪಕ್ಕದಲ್ಲಿ ಬರೆದ ಗಂಟೆ, ಕಂಬ ಚೆನ್ನಾಚಾರಿಯ ಕೈಯಲ್ಲಿ ತಿರುಗುತ್ತಿದ್ದ ಗಂಟೆ. ಅದರ ಕೆಳಗಿನ ಸಹಿ ನನ್ನದು.